ಹುರಿದಕ್ಕಿಯ ಚಹಾಕ್ಕೆ ಕತ್ತಿಯ ಕತೆ ಏಕೆ?

ಜಪಾನಿನಲ್ಲಿ ಗೆನ್‌ಮೈಚಾ ಎಂಬ ಚಹಾ ಇದೆ. ಹಸಿರು ಚಹಾದ ಎಲೆಗೆ ಹುರಿದ ಅಕ್ಕಿಯನ್ನು ಹೆಚ್ಚುಕಡಿಮೆ ಸಮಸಮವಾಗಿ ಬೆರೆಸಿ ಮಾಡಿದ್ದು. ಹುರಿಯುವಾಗ ಕೆಲವು ಕಾಳುಗಳು ಅರಳಿನಂತೆ ಬಿರಿದು ಬೆಳ್ಳಗಾಗುತ್ತವೆ. ಹಸಿರೆಲೆ, ಕಂದು ಕಾಳು, ನಡುನಡುವೆ ಬಿಳಿಯ ಅರಳು, ನೋಡಲೂ ಚೆಂದ. ಹಾಲು ಸಕ್ಕರೆಯ ಗೊಡವೆಯಿಲ್ಲ. ಬಿಸಿನೀರು ಬಿದ್ದೊಡನೆ ಬಾಣಲೆಯಲ್ಲಿ ಅಕ್ಕಿ ಹುರಿದ ಪರಿಮಳ ಏಳುತ್ತದೆ. ನಮ್ಮ ಹೆಂಗಸರಿಗೆ ಆ ಪರಿಮಳವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಈ ಚಹಾ ನನಗೆ ಹಿಡಿಸಿತು. ಆದರೆ ಇದರ ಹುಟ್ಟಿನ ಬಗ್ಗೆ ಹೇಳುವ ಕತೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಕತೆ ಇಷ್ಟು. 15ನೇ ಶತಮಾನದ ಒಬ್ಬ ಸಮುರಾಯ್ ಯೋಧ. ಅವನಿಗೆ ಚಹಾ ಬಗ್ಗಿಸುತ್ತಿದ್ದ ಆಳಿನ ಹೆಸರು ಗೆನ್‌ಮೈ. ಬಗ್ಗಿಸುವಾಗ ಆಳಿನ ತೋಳಿನೊಳಗಿಂದ ನಾಲ್ಕು ಹುರಿದಕ್ಕಿ ಬಟ್ಟಲಿಗೆ ಬಿತ್ತು. ಸಿಟ್ಟಿಗೆದ್ದ ಒಡೆಯ ಕತ್ತಿ ಹಿರಿದು ಆಳಿನ ತಲೆ ಹಾರಿಸಿದ. ಆಮೇಲೆ ಅದೇ ಚಹಾ ಕುಡಿದು ನೋಡಿದರೆ ಬಲು ರುಚಿ! ಸತ್ತವನ ಗೌರವಕ್ಕಾಗಿ ಅವನ ಹೆಸರನ್ನೇ ಚಹಾಕ್ಕೆ ಇಟ್ಟ.

ಮೊದಲು ಹೆಸರನ್ನೇ ನೋಡೋಣ. ಗೆನ್‌ಮೈ ಎಂದರೆ ಜಪಾನಿ ಭಾಷೆಯಲ್ಲಿ ತೌಡು ತೆಗೆಯದ ಅಕ್ಕಿ. ಚಾ ಎಂದರೆ ಚಹಾ. ಹೆಸರು ವಸ್ತುವಿನಿಂದಲೇ ಬಂದಿರುವಾಗ ಅದಕ್ಕೊಬ್ಬ ಆಳನ್ನು ಹುಟ್ಟಿಸಿ ಕೊಲ್ಲುವ ಅಗತ್ಯವೇನಿತ್ತು? ಇನ್ನು ಕಾಲ. 15ನೇ ಶತಮಾನದಲ್ಲಿ ಅಲ್ಲಿನ ದೊರೆಗಳು ಕುಡಿಯುತ್ತಿದ್ದುದು ಚಹಾದ ಪುಡಿಯನ್ನು ಬಿಸಿನೀರಿನಲ್ಲಿ ಕಡೆದು. ಎಲೆಯನ್ನು ನೀರಿನಲ್ಲಿ ನೆನೆಸಿ ಸೋಸುವ ರೂಢಿ ಬೇರೂರಿದ್ದು, ಚೀನಾದ ಸನ್ಯಾಸಿ ಇಂಗೆನ್ 1654ರಲ್ಲಿ ಜಪಾನಿಗೆ ಬಂದ ಮೇಲೆ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಉಜ್ಜಿ, ಒಣಗಿಸುವ ಹದವನ್ನು ನಾಗತಾನಿ ಸೋಯೆನ್ ಕಂಡುಕೊಂಡದ್ದು 1738ರಲ್ಲಿ.

ತಾರೀಖು ತಪ್ಪಿದ ಮಾತ್ರಕ್ಕೆ ಕತೆಯನ್ನು ತಳ್ಳಿಹಾಕುವವಳಲ್ಲ ನಾನು. ಮಾತನಾಡುವ ಕಾಗೆ, ನರಿಗಳ ಕತೆ ಹೇಳಿಯೇ ಮಕ್ಕಳಿಗೆ ಪಾಠ ಕಲಿಸಿದ್ದೇನೆ. ನನ್ನ ತಕರಾರು ಕತೆಯ ನೀತಿಯ ಮೇಲೆ. ಆಳಿನ ತಲೆ ಹೋಯಿತು, ಒಡೆಯನಿಗೆ ರುಚಿ ಸಿಕ್ಕಿತು. ಹೆಸರಿಟ್ಟೊಡನೆ ಲೆಕ್ಕ ಚುಕ್ತಾ. ಕೇಳುವವರು ತಲೆದೂಗಿ ಚಹಾ ಕುಡಿಯಬೇಕು. ಚಹಾದ ಚರಿತ್ರೆಯಲ್ಲಿ ನಿಜವಾದ ಸಾವೂ ಇದೆ. ಚಹಾಗುರು ಸೆನ್ ನೊ ರಿಕ್ಯೂ 1591ರಲ್ಲಿ ಹಿದೆಯೋಶಿಯ ಆಜ್ಞೆಯಂತೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಒಕಾಕುರ 1906ರಲ್ಲಿ ಇಂಗ್ಲಿಷಿನಲ್ಲಿ ಬರೆದ ಚಹಾದ ಪುಸ್ತಕ ಮುಗಿಯುವುದು ಆ ಸಾವಿನಲ್ಲೇ. ಆದರೆ ಅಲ್ಲಿ ಸಾವನ್ನು ಒಂದು ಬಟ್ಟಲು ರುಚಿಯ ಬೆಲೆಯಾಗಿ ತೂಗಿಲ್ಲ.

ಈ ಚಹಾಕ್ಕೆ ಇನ್ನೆರಡು ಕತೆಗಳಿವೆ. ಒಳ್ಳೆಯ ಎಲೆ ದುಬಾರಿಯಾದ್ದರಿಂದ ಬಡವರು ಹುರಿದಕ್ಕಿ ಬೆರೆಸಿ ಅದನ್ನು ಹೆಚ್ಚು ದಿನ ಬರುವಂತೆ ಮಾಡಿಕೊಂಡರು ಎಂಬುದು ಒಂದು. ಹೊಸ ವರ್ಷಕ್ಕೆ ದೇವರ ಮುಂದಿಟ್ಟ ಅಕ್ಕಿಯ ಕಡುಬನ್ನು ಒಡೆದ ಮೇಲೆ ಉಳಿದ ಚೂರುಗಳನ್ನು, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ಯೋಟೋದ ಚಹಾ ವ್ಯಾಪಾರಿಯೊಬ್ಬ ಎಸೆಯಲಾರದೆ ಹುರಿದು ಎಲೆಗೆ ಬೆರೆಸಿದ ಎಂಬುದು ಇನ್ನೊಂದು. ಎರಡರಲ್ಲೂ ಇರುವುದು ಮಿಗಿಸುವ ಬುದ್ಧಿ. ಆದರೂ ಕತ್ತಿಯ ಕತೆಯೇ ಹೆಚ್ಚು ಬಾಯಿಗೆ ಬರುತ್ತದೆ. ಏಕೆಂದರೆ ಮಿಗಿಸುವುದರಲ್ಲಿ ಶೌರ್ಯ ಕಾಣುವುದಿಲ್ಲ. ಒಂದು ಸೇರನ್ನು ತಿಂಗಳ ಕೊನೆಯವರೆಗೆ ಎಳೆದವಳ ಹೆಸರನ್ನು ಯಾವ ಊರಿನಲ್ಲಿ ಬರೆದಿಟ್ಟಿದ್ದಾರೆ?

ಹಾಗೆಂದು ಬಡತನವನ್ನು ಹೊಗಳುವುದೂ ಬೇಡ. ಅಕ್ಕಿ ಬೆರೆಸಿದವರು ರುಚಿಗಾಗಿ ಬೆರೆಸಲಿಲ್ಲ, ಇಲ್ಲದ್ದಕ್ಕೆ ಬೆರೆಸಿದರು. ಆದರೆ ಆ ಇಲ್ಲದಿಕೆಯಿಂದ ಒಂದು ಒಳ್ಳೆಯ ಪಾನೀಯ ಹುಟ್ಟಿತು. ಗ್ಯೊಕುರೊ ಎಂಬ ಬೆಲೆಬಾಳುವ ಚಹಾಕ್ಕೆ ಐವತ್ತು ಅರವತ್ತು ಡಿಗ್ರಿಯ ಬೆಚ್ಚನೆ ನೀರೇ ಬೇಕು. ಕುದಿನೀರು ಸುರಿದರೆ ಕಹಿ. ಗೆನ್‌ಮೈಚಾ ಅಷ್ಟು ಸೂಕ್ಷ್ಮವಲ್ಲ. ಕುದಿಯುವುದಕ್ಕೆ ಹತ್ತಿರದ ನೀರನ್ನೂ ತಾಳಿಕೊಳ್ಳುತ್ತದೆ, ಅಕ್ಕಿ ಕಹಿಯನ್ನು ಮೆತ್ತಗಾಗಿಸುತ್ತದೆ. ಅರ್ಧ ಅಕ್ಕಿಯೇ ಆದ್ದರಿಂದ ಕೆಫೀನ್ ಕಡಿಮೆ, ಸಂಜೆಯೂ ಕುಡಿಯಬಹುದು. ಇನ್ನೊಂದು ಮಾತು. ಬೆರಕೆ ಎಂದರೆ ಮೋಸ ಎನ್ನುತ್ತೇವೆ. ಬಚ್ಚಿಟ್ಟರೆ ಮೋಸ ನಿಜ. ಇಲ್ಲಿ ಅಕ್ಕಿ ಕಣ್ಣಿಗೆ ಕಾಣುತ್ತದೆ, ಹೆಸರಿನಲ್ಲೂ ಚಹಾಕ್ಕಿಂತ ಮುಂದೆ ಕೂತಿದೆ. ಈಗ ಎಷ್ಟೋ ಪೊಟ್ಟಣಗಳಲ್ಲಿ ತೌಡು ತೆಗೆದ ಬಿಳಿ ಅಕ್ಕಿಯನ್ನೇ ಹುರಿದು ಹಾಕುತ್ತಾರೆ. ಅಷ್ಟರ ಮಟ್ಟಿಗೆ ಹೆಸರು ಸಡಿಲವಾಗಿದೆ, ನಿಜ. ಆದರೆ ಅಕ್ಕಿಯನ್ನು ಯಾರೂ ಮುಚ್ಚಿಟ್ಟಿಲ್ಲ.

ಮಕ್ಕಳಿಗೆ ಆ ಸಮುರಾಯ್ ಕತೆಯನ್ನು ಹೇಳಲೇಬೇಕಾಗಿ ಬಂದರೆ, ಕತ್ತಿ ಒರೆಯಿಂದ ಬರುವ ಮೊದಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಆಳು ಹುರಿದಕ್ಕಿಯನ್ನು ತೋಳಿನೊಳಗೆ ಏಕೆ ಇಟ್ಟುಕೊಂಡಿದ್ದ? ಉತ್ತರ ಹೇಳಲು ಜಾಣರೇ ಬೇಕಾಗಿಲ್ಲ. ಬೆಳಿಗ್ಗೆ ತಿಂಡಿ ತಿನ್ನದೆ ಶಾಲೆಗೆ ಬಂದ ಮಗು ಎಲ್ಲರಿಗಿಂತ ಮೊದಲು ಕೈ ಎತ್ತುತ್ತದೆ.