ನೂರರ ಆಸುಪಾಸಿನ ಅಮೆರಿಕನ್ನರು

ಎಟಿಪಿ ರ‍್ಯಾಂಕಿಂಗ್ ಪಟ್ಟಿ ಬಂದಾಗ ಹೆಚ್ಚಿನವರು ಮೊದಲ ಹತ್ತು ಹೆಸರು ಓದಿ ಸುಮ್ಮನಾಗುತ್ತಾರೆ. ಒಂದು ದೇಶದ ಟೆನಿಸ್ ಎತ್ತ ಸಾಗಿದೆ ಎಂದು ತಿಳಿಯಬೇಕಿದ್ದರೆ ಐವತ್ತರಿಂದ ನೂರೈವತ್ತರವರೆಗಿನ ಸಾಲುಗಳ ಮೇಲೆ ಕಣ್ಣಾಡಿಸಬೇಕು. ಅಮೆರಿಕದ ಪುರುಷರ ಟೆನಿಸ್ ಮತ್ತೆ ಚಿಗುರಿದ್ದು ಅಲ್ಲಿ.

2021ರ ಮೇ ತಿಂಗಳಲ್ಲಿ ಸ್ಥಿತಿ ಹೇಗಿತ್ತೆಂದರೆ, 1973ರಲ್ಲಿ ರ‍್ಯಾಂಕಿಂಗ್ ಶುರುವಾದ ಮೇಲೆ ಮೊದಲ ಬಾರಿಗೆ, ಅಗ್ರ ಮೂವತ್ತರಲ್ಲಿ ಒಬ್ಬ ಅಮೆರಿಕನ್ನನೂ ಇರಲಿಲ್ಲ. ಕಾನರ್ಸ್, ಮೆಕೆನ್ರೋ, ಸಾಂಪ್ರಸ್, ಅಗಾಸಿಯವರನ್ನು ಕೊಟ್ಟ ದೇಶದ ಗತಿ ಅದು. 2025ರ ಜೂನ್ ಹೊತ್ತಿಗೆ ಅಗ್ರ ಹತ್ತರಲ್ಲೇ ಮೂವರಿದ್ದರು: ಟೇಲರ್ ಫ್ರಿಟ್ಜ್, ಟಾಮಿ ಪಾಲ್, ಬೆನ್ ಶೆಲ್ಟನ್.

ಇದು ರಾತ್ರೋರಾತ್ರಿ ಆದದ್ದಲ್ಲ. 2015ರ ಜೂನಿಯರ್ ಫಲಿತಾಂಶಗಳನ್ನು ತೆಗೆದು ನೋಡಿ. ಫ್ರೆಂಚ್ ಓಪನ್ ಫೈನಲ್‌ನಲ್ಲಿ ಪಾಲ್ ಫ್ರಿಟ್ಜ್‌ರನ್ನು ಸೋಲಿಸಿದರು, ವಿಂಬಲ್ಡನ್ ರೈಲಿ ಒಪೆಲ್ಕಾ ಪಾಲಾಯಿತು, ಅಮೆರಿಕ ಓಪನ್ ಫೈನಲ್‌ನಲ್ಲಿ ಫ್ರಿಟ್ಜ್ ಪಾಲ್ ವಿರುದ್ಧ ಸೇಡು ತೀರಿಸಿಕೊಂಡರು. ಅವರದೇ ಓರಗೆಯವರು ಫ್ರಾನ್ಸಿಸ್ ಟಿಯಾಫೊ. ಒಬ್ಬ ಗೆದ್ದರೆ ಉಳಿದವರಿಗೆ ಛಲ ಹತ್ತುತ್ತಿತ್ತು. ಮುಂದೆ 2024ರ ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಫ್ರಿಟ್ಜ್ ಮತ್ತು ಟಿಯಾಫೊ ಐದು ಸೆಟ್ ಸೆಣಸಿದಾಗ ಅದು ಹದಿಹರೆಯದಿಂದಲೇ ನಡೆದುಬಂದ ಪೈಪೋಟಿಯ ಮುಂದುವರಿಕೆಯಾಗಿತ್ತು. ಫ್ರಿಟ್ಜ್ ಫೈನಲ್‌ನಲ್ಲಿ ಸಿನ್ನರ್‌ಗೆ ಸೋತರು.

ಆ ಫೈನಲ್ ತಂದುಕೊಟ್ಟ 1300 ಪಾಯಿಂಟ್ ಲೆಕ್ಕದಲ್ಲಿ ಉಳಿಯುವುದು 52 ವಾರ ಮಾತ್ರ. ಮರುವರ್ಷ ಅಲ್ಲೇ ಕ್ವಾರ್ಟರ್‌ಫೈನಲ್‌ನಲ್ಲಿ ಜೊಕೊವಿಚ್‌ಗೆ ಸೋತಾಗ ಅವರಿಗೆ ದಕ್ಕಿದ್ದು 400. ಎಂಟರ ಘಟ್ಟಕ್ಕೆ ಬಂದೂ 900 ಪಾಯಿಂಟ್ ಕೈಬಿಟ್ಟವು. ಮೇಲೇರುವುದಕ್ಕಿಂತ ಏರಿದಲ್ಲಿ ನಿಲ್ಲುವುದು ಕಷ್ಟ ಎಂಬುದನ್ನು ಈ ಲೆಕ್ಕ ಚೆನ್ನಾಗಿ ತೋರಿಸುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಶೆಲ್ಟನ್ ಬಂದ ದಾರಿ. ಅಪ್ಪ ಬ್ರಯನ್ ಸ್ವತಃ ವೃತ್ತಿಪರ ಆಟಗಾರರಾಗಿದ್ದವರು, ಆಗ ಫ್ಲಾರಿಡಾ ವಿಶ್ವವಿದ್ಯಾಲಯ ತಂಡದ ಕೋಚ್ ಆಗಿದ್ದರು. ಮಗ ಅದೇ ತಂಡದಲ್ಲಿ ಆಡಿ 2022ರಲ್ಲಿ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದರು. ಆ ನವೆಂಬರ್‌ನಲ್ಲಿ ಷಾರ್ಲಟ್ಸ್‌ವಿಲ್, ನಾಕ್ಸ್‌ವಿಲ್, ಶಾಂಪೇನ್ ಎಂಬ ಮೂರು ಊರುಗಳಲ್ಲಿ ಎಟಿಪಿ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಟೂರ್ನಿಗಳನ್ನು ಸತತ ಮೂರು ಬಾರಿ ಗೆದ್ದರು. ಒಳಾಂಗಣದ ಹಾರ್ಡ್ ಕೋರ್ಟ್, ಟಿ.ವಿ. ಕ್ಯಾಮೆರಾಗಳ ಭರಾಟೆ ಇಲ್ಲದ ಪಂದ್ಯಗಳು. ಆ ಪಾಯಿಂಟ್‌ಗಳೇ ಅವರನ್ನು ನೂರರೊಳಕ್ಕೆ ತಂದವು. 2023ರ ಜನವರಿಯಲ್ಲಿ ಮೊದಲ ಬಾರಿಗೆ ದೇಶದಾಚೆ ಕಾಲಿಟ್ಟು, ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್‌ವರೆಗೆ ನಡೆದರು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಅವರ ಎಡಗೈ ಸರ್ವ್ ಗಂಟೆಗೆ ಸುಮಾರು 240 ಕಿ.ಮೀ. ವೇಗ ಮುಟ್ಟಿತು.

ಪಾಸ್‌ಪೋರ್ಟ್ ತೆಗೆಯದೆ ನೂರರೊಳಗೆ ಬರುವ ಭಾಗ್ಯ ಎಷ್ಟು ದೇಶದ ಹುಡುಗರಿಗಿದೆ? ಕಾಲೇಜಿನಲ್ಲೇ ಒಳ್ಳೆಯ ಕೋಚ್, ಒಳ್ಳೆಯ ಕೋರ್ಟ್, ಫಿಸಿಯೊ, ಸ್ಕಾಲರ್‌ಷಿಪ್. ಹೊರಬಂದರೆ ಬಸ್ಸಿನ ದೂರದಲ್ಲಿ ಚಾಲೆಂಜರ್. ಕಾಲೇಜಿನ ಅಗ್ರ ಆಟಗಾರರಿಗೆ ಚಾಲೆಂಜರ್‌ಗಳಲ್ಲಿ ನೇರ ಅವಕಾಶ ಕೊಡುವ ಯೋಜನೆಯನ್ನು 2023ರಲ್ಲಿ ಎಟಿಪಿಯೂ ತಂದಿತು. ನಮ್ಮ ಹುಡುಗರು ಇಷ್ಟೇ ಪಾಯಿಂಟ್‌ಗಾಗಿ ಸ್ವಂತ ದುಡ್ಡು ಸುರಿದು ದೇಶ ದೇಶ ಅಲೆಯುತ್ತಾರೆ. ಅದನ್ನು ನೋಡಿದರೆ ಸಂಕಟವಾಗುತ್ತದೆ.

ಸರ್ವ್ ಬಿಟ್ಟರೆ ಅಮೆರಿಕನ್ನರಿಗೆ ಬೇರೇನೂ ಗೊತ್ತಿಲ್ಲ ಎನ್ನುವವರು ಲರ್ನರ್ ಟಿಯೆನ್ ಆಟ ನೋಡಬೇಕು. 2025ರ ಆಸ್ಟ್ರೇಲಿಯನ್ ಓಪನ್‌ಗೆ ಅರ್ಹತಾ ಸುತ್ತಿನಿಂದ ಬಂದ ಹತ್ತೊಂಬತ್ತರ ಈ ಎಡಗೈ ಹುಡುಗ, ಹಿಂದಿನ ವರ್ಷದ ಫೈನಲಿಸ್ಟ್ ಮೆಡ್ವೆಡೆವ್‌ರನ್ನು ಸುಮಾರು ಐದು ಗಂಟೆಗಳ ಪಂದ್ಯದಲ್ಲಿ ಸೋಲಿಸಿದ. ಮುಗಿದಾಗ ಮೆಲ್ಬರ್ನ್‌ನಲ್ಲಿ ನಸುಕಿನ ಮೂರು ಗಂಟೆ ಸಮೀಪಿಸಿತ್ತು. ಚೆಂಡನ್ನು ಏರುವಾಗಲೇ ಹಿಡಿದು, ಎದುರಾಳಿಯ ವೇಗವನ್ನೇ ಬಳಸಿ ಕೋನ ಮಾಡುವ ಆಟ ಅವನದು. ನನಗೆ ತುಂಬ ಇಷ್ಟ.

ಮಹಿಳೆಯರ ಮಾತೇ ಬೇರೆ. ವಿಲಿಯಮ್ಸ್ ಸೋದರಿಯರ ನಂತರವೂ ಅಲ್ಲಿ ಬರ ಬೀಳಲಿಲ್ಲ. 2025ರಲ್ಲಿ ಆಸ್ಟ್ರೇಲಿಯನ್ ಓಪನ್ ಮ್ಯಾಡಿಸನ್ ಕೀಸ್ ಗೆದ್ದರೆ, ಫ್ರೆಂಚ್ ಓಪನ್ ಕೊಕೊ ಗಾಫ್ ಗೆದ್ದರು. ಪುರುಷರಲ್ಲಿ ಮಾತ್ರ, 2003ರಲ್ಲಿ ಆ್ಯಂಡಿ ರಾಡಿಕ್ ಅಮೆರಿಕ ಓಪನ್ ಗೆದ್ದ ಮೇಲೆ 2025 ಮುಗಿಯುವವರೆಗೂ ಮತ್ತೊಬ್ಬರಿಗೆ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಒಲಿಯಲಿಲ್ಲ. ಸಿನ್ನರ್, ಅಲ್ಕರಾಜ್ ಇಬ್ಬರನ್ನೂ ದಾಟಬೇಕಾದ ಕಾಲದಲ್ಲಿ ಅದು ಸುಲಭವೂ ಅಲ್ಲ. ದಾಟುವ ಅಸ್ತ್ರ ಇರುವುದು ಶೆಲ್ಟನ್ ಬಳಿ ಎಂಬುದು ನನ್ನ ಅಂದಾಜು, ರಿಟರ್ನ್ ಸುಧಾರಿಸಬೇಕು.

ಈ ನೂರರ ಆಸುಪಾಸಿನ ಆಟವನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. 2025ರ ಬೆಂಗಳೂರು ಓಪನ್ ಚಾಲೆಂಜರ್ ಗೆದ್ದವರು ಬ್ರ್ಯಾಂಡನ್ ಹೋಲ್ಟ್. ಎರಡು ಬಾರಿ ಅಮೆರಿಕ ಓಪನ್ ಗೆದ್ದ ಟ್ರೇಸಿ ಆಸ್ಟಿನ್ ಅವರ ಮಗ, ಇವರೂ ಕಾಲೇಜು ಟೆನಿಸ್‌ನಿಂದಲೇ ಬಂದವರು. 2022ರ ಅಮೆರಿಕ ಓಪನ್ ಮೊದಲ ಸುತ್ತಿನಲ್ಲಿ ಇದೇ ಫ್ರಿಟ್ಜ್‌ರನ್ನು ಮನೆಗೆ ಕಳಿಸಿದವರೂ ಹೌದು. ಮುಂದಿನ ಬಾರಿ ಕಬ್ಬನ್ ಪಾರ್ಕ್‌ನಲ್ಲಿ ಚಾಲೆಂಜರ್ ನಡೆದಾಗ ಫೈನಲ್‌ಗೆ ಕಾಯಬೇಡಿ, ಅರ್ಹತಾ ಸುತ್ತಿಗೇ ಬನ್ನಿ.