ಬೂಷ್ಟು ಹಿಡಿದ ಜೋಳ ಮತ್ತು ಒಂದು ಪ್ರಬಂಧದ ಕೀರ್ತಿ

ಶಿಲೀಂಧ್ರವಿಷಗಳ ಕುರಿತ ಅಂತಾರಾಷ್ಟ್ರೀಯ ಸಾಹಿತ್ಯದಲ್ಲಿ ಭಾರತದ ಹೆಸರು ಬಂದ ಕಡೆಯಲ್ಲೆಲ್ಲ ಬಹುಮಟ್ಟಿಗೆ ಒಂದು ಪ್ರಬಂಧ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ರಮೇಶ ವಿ. ಭಟ್ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಈ ಪ್ರಬಂಧ, ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ತಿಂದವರಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಡಿಸುವುದು ಮತ್ತು ಭೇದಿ ಕಾಣಿಸಿಕೊಂಡುದನ್ನು ದಾಖಲಿಸಿ, ಫ್ಯುಮೋನಿಸಿನ್ ಎಂಬ ವಿಷವನ್ನು ಅದಕ್ಕೆ ಕಾರಣವಾಗಿ ಮುಂದಿಟ್ಟಿತು. ಫ್ಯುಸೇರಿಯಂ ಜಾತಿಯ ಬೂಷ್ಟು ಕಾಳಿನೊಳಗೆ ಸ್ರವಿಸುವ ಈ ವಿಷವನ್ನು 1988ರಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದರು. ಅದು ಕುದುರೆಗಳ ಮಿದುಳನ್ನೂ ಹಂದಿಗಳ ಶ್ವಾಸಕೋಶವನ್ನೂ ಕೆಡಿಸುತ್ತದೆಂಬುದು ಆಗಲೇ ಗೊತ್ತಾಗಿತ್ತು. ಮನುಷ್ಯರಲ್ಲಿ ಅದು ತಕ್ಷಣದ ಕಾಯಿಲೆಯನ್ನು ತಂದ ನಿದರ್ಶನವೆಂಬ ಕೀರ್ತಿ ಈ ಪ್ರಬಂಧಕ್ಕೆ ಸಂದಿತು. ಈ ಕೀರ್ತಿ ಪ್ರಬಂಧದ ಅತ್ಯಂತ ದುರ್ಬಲ ಭಾಗಕ್ಕೆ ಸಂದಿದೆ. ಅದರ ಗಟ್ಟಿ ಭಾಗವನ್ನು ಓದಿದವರು ಕಡಿಮೆ.

ಭಟ್ ಅವರ ಉಳಿದ ಕೆಲಸವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿಲ್ಲ. ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ 1974ರಲ್ಲಿ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷದಿಂದ ಯಕೃತ್ತು ಕೆಟ್ಟು 397 ಜನ ಕಾಯಿಲೆ ಬಿದ್ದು 106 ಜನ ಸತ್ತುದನ್ನು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಅವರೊಂದಿಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದು, ಸಜ್ಜೆಯ ಅರ್ಗಟ್ ವಿಷವನ್ನು ಕುರಿತದ್ದು, ಕಾಶ್ಮೀರದ ಗೋಧಿಯನ್ನು ಕುರಿತದ್ದು ಎಲ್ಲವೂ ಈ ಕ್ಷೇತ್ರದ ಓದುಗರಿಗೆ ಪರಿಚಿತ. ಜೋಳದ ಪ್ರಬಂಧವನ್ನು ಮಾತ್ರ ನಿಧಾನವಾಗಿ ಓದಬೇಕಾಗಿದೆ. ಅದರಲ್ಲಿ ಬರುವ ನೆಲ, ಬೆಳೆ, ಮಳೆ ಮತ್ತು ರೊಟ್ಟಿ ಉತ್ತರ ಕರ್ನಾಟಕದ ಕುಷ್ಟಗಿ, ಯಲಬುರ್ಗಾದ ಎರೆಹೊಲಗಳ ಓದುಗನಿಗೆ ಹೊಸವಲ್ಲ ಎಂಬುದು ಅದಕ್ಕೆ ಒಂದು ಕಾರಣ.

ಪ್ರಬಂಧದ ವಾದ ನಿಂತಿರುವುದು ಒಂದು ಹೋಲಿಕೆಯ ಮೇಲೆ. ಕಾಯಿಲೆ ಬಿದ್ದ ಮನೆಗಳಿಂದ ತಂದ 20 ಜೋಳದ ಮಾದರಿಗಳಲ್ಲಿಯೂ 12 ಮೆಕ್ಕೆಜೋಳದ ಮಾದರಿಗಳಲ್ಲಿಯೂ ಒಂದನ್ನೂ ಬಿಡದೆ ಫ್ಯುಮೋನಿಸಿನ್ ಬಿ1 ಸಿಕ್ಕಿತು. ಜೋಳದಲ್ಲಿ ಅದರ ಪ್ರಮಾಣ ಕಿಲೋಗೆ 0.14ರಿಂದ 7.8 ಮಿಲಿಗ್ರಾಂ, ಮೆಕ್ಕೆಜೋಳದಲ್ಲಿ 0.25ರಿಂದ 64.7 ಮಿಲಿಗ್ರಾಂ. ಕಾಯಿಲೆಯಿಲ್ಲದ ಮನೆಗಳ ಜೋಳದಲ್ಲಿ ಅದು 0.07ರಿಂದ 0.36, ಮೆಕ್ಕೆಜೋಳದಲ್ಲಿ 0.05ರಿಂದ 0.24 ಮಿಲಿಗ್ರಾಂ, ಅದೂ ಕೆಲವೇ ಮಾದರಿಗಳಲ್ಲಿ. ಮೆಕ್ಕೆಜೋಳದ ಮಟ್ಟಿಗೆ ಎರಡು ಗುಂಪುಗಳು ಎಲ್ಲಿಯೂ ಒಂದರ ಮೇಲೊಂದು ಬರುವುದಿಲ್ಲ. ಜೋಳದ ಸಂಗತಿ ಬೇರೆ. ಕಾಯಿಲೆಯ ಮನೆಯ ಅತ್ಯಂತ ಕಡಿಮೆ ಅಳತೆ 0.14 ಆಗಿರುವಾಗ ಕಾಯಿಲೆಯಿಲ್ಲದ ಮನೆಯ ಅತ್ಯಂತ ಹೆಚ್ಚಿನ ಅಳತೆ 0.36 ಆಗಿದೆ, ಎಂದರೆ ವಿಷ ಹೆಚ್ಚಿದ್ದ ಜೋಳವನ್ನು ಇಟ್ಟುಕೊಂಡ ಒಂದು ಮನೆಯವರು ಆರೋಗ್ಯವಾಗಿದ್ದಾಗ ಅದಕ್ಕಿಂತ ಕಡಿಮೆ ವಿಷವಿದ್ದ ಮನೆಯವರು ಹೊಟ್ಟೆ ಹಿಡಿದುಕೊಂಡಿದ್ದರು.

ಈ ಅಂಕಿಗಳನ್ನು ಊಟಕ್ಕೆ ಇಳಿಸಿ ನೋಡಿದರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಐವತ್ತು ಕಿಲೋ ತೂಕದ ಆಳು ದಿನಕ್ಕೆ 400 ಗ್ರಾಂ ಜೋಳ ತಿನ್ನುತ್ತಾನೆಂದು ಹಿಡಿದರೆ, 0.14ರ ಜೋಳದಿಂದ ಅವನ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.1 ಮೈಕ್ರೋಗ್ರಾಂ ವಿಷ ಸೇರುತ್ತದೆ, 0.36ರ ಜೋಳದಿಂದ ಸುಮಾರು 2.9 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2001ರಲ್ಲಿ ನಿಗದಿ ಮಾಡಿದ ಸಹ್ಯ ಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 2 ಮೈಕ್ರೋಗ್ರಾಂ. ಈ ಮಿತಿ ಜೀವನಪೂರ್ತಿಯ ಸೇವನೆಗೆ ಹಾಕಿದ್ದೇ ಹೊರತು ಒಂದು ಹೊತ್ತಿನ ಭೇದಿಗೆ ಹಾಕಿದ್ದಲ್ಲ, ನಿಜ. ಆದರೆ ಮಿತಿಯ ಕೆಳಗಿದ್ದವರಲ್ಲಿ ಕಾಯಿಲೆಯೂ ಮಿತಿ ಮೀರಿದವರಲ್ಲಿ ಆರೋಗ್ಯವೂ ಕಂಡಾಗ, ಅಳೆದ ವಸ್ತುವೇ ಕಾರಣವೆನ್ನಲು ಇನ್ನಷ್ಟು ಆಧಾರ ಬೇಕಾಗುತ್ತದೆ. ಅತ್ತ 64.7ರ ಮೆಕ್ಕೆಜೋಳದ ಲೆಕ್ಕ ಹಾಕಿದರೆ ಮಿತಿಯ ಇನ್ನೂರೈವತ್ತು ಪಟ್ಟಿಗೂ ಮಿಗಿಲಾದ ಪ್ರಮಾಣ ಬರುತ್ತದೆ. ಒಂದೇ ಕಾಯಿಲೆಗೆ ಇಷ್ಟು ಅಗಲವಾದ ಪ್ರಮಾಣಗಳು ಸಮಾನ ಕಾರಣವಾಗುವುದು ಹೇಗೆಂಬ ಪ್ರಶ್ನೆಯನ್ನು ಪ್ರಬಂಧವನ್ನು ಉಲ್ಲೇಖಿಸುವವರು ಎತ್ತುವುದಿಲ್ಲ.

ಕಾಲದ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ರೊಟ್ಟಿ ತಿಂದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋವು ಶುರುವಾಯಿತು. ಫ್ಯುಮೋನಿಸಿನ್ ಕರುಳಿನಿಂದ ರಕ್ತಕ್ಕೆ ಹೀರಿಕೆಯಾಗುವುದು ತೀರ ಅಲ್ಪ. ಜೀವಕೋಶದ ಪೊರೆಗೆ ಬೇಕಾದ ಸ್ಫಿಂಗೊಲಿಪಿಡ್ ಎಂಬ ಕೊಬ್ಬಿನ ತಯಾರಿಕೆಯನ್ನು ತಡೆಯುವ ಅದರ ಕೆಲಸ ನಿಧಾನದ್ದು. ಕರುಳಿನ ಗೋಡೆಯ ಮೇಲೆ ಅದು ನೇರವಾಗಿ ವರ್ತಿಸಿರಬಹುದೆಂದು ವಾದಿಸಲು ಅವಕಾಶವಿದೆ. ಆದರೆ ಇಷ್ಟು ಬೇಗ ಹೊಟ್ಟೆ ಕೆಡಿಸುವುದರಲ್ಲಿ ಹೆಸರಾದ ವಿಷಗಳು ಬೇರೆಯೇ ಇವೆ, ಅವನ್ನು ಸ್ರವಿಸುವುದೂ ಫ್ಯುಸೇರಿಯಂ ಕುಲದ ಬೂಷ್ಟೇ: ಟ್ರೈಕೊಥೆಸೀನ್‌ಗಳು. ಅವುಗಳ ಬಗ್ಗೆ ನಮ್ಮ ದೇಶದಿಂದ ಬಂದ ಅತ್ಯುತ್ತಮ ವರದಿ 1989ರ ಲ್ಯಾನ್ಸೆಟ್‌ನಲ್ಲಿದೆ. ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಕೆಟ್ಟ ಗೋಧಿಯ ರೊಟ್ಟಿ ತಿಂದವರಿಗೆ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆನೋವು ಬಂದುದನ್ನು ಅದು ಹೇಳುತ್ತದೆ. ಅದರ ಮೊದಲ ಲೇಖಕರೂ ರಮೇಶ ವಿ. ಭಟ್ ಅವರೇ. ತಮ್ಮದೇ ಹಿಂದಿನ ಪ್ರಬಂಧ ಒದಗಿಸಿದ ಪ್ರತಿವಾದಿಯನ್ನು ಪಕ್ಕಕ್ಕೆ ಸರಿಸಲು ಇಲ್ಲಿ ಹೆಚ್ಚು ಶ್ರಮ ಬೇಕಿತ್ತು. ಒಂದು ದಿನದ ಹುಂಜದ ಮರಿಗಳಿಗೆ ಕಾಯಿಲೆಯ ಮನೆಗಳ ಕಾಳನ್ನು ತಿನ್ನಿಸಿ, ಪ್ರಮಾಣ ಹೆಚ್ಚಿದಂತೆ ಪರಿಣಾಮವೂ ಹೆಚ್ಚಿತೆಂದು ತೋರಿಸಿದ ಪ್ರಯೋಗ ಈ ಕೊರತೆಯನ್ನು ತುಂಬದು; ಮರಿಗಳು ತಿಂದದ್ದು ಇಡೀ ಕಾಳನ್ನು, ಅದರಲ್ಲಿದ್ದ ಅಷ್ಟೂ ವಿಷಗಳೊಂದಿಗೆ. ಕಾಳು ಕೆಟ್ಟಿತ್ತೆಂದು ಆ ಪ್ರಯೋಗ ಸಾಧಿಸುತ್ತದೆ, ಕೆಡಿಸಿದ್ದು ಯಾವುದೆಂದು ಸಾಧಿಸುವುದಿಲ್ಲ.

ಇಷ್ಟರ ಮಟ್ಟಿಗೆ, ಘಟನೆಗೆ ಫ್ಯುಮೋನಿಸಿನ್ ಕಾರಣವಾಗಿರಬಹುದು ಎಂದಷ್ಟೇ ಬರೆದ ಅಂತಾರಾಷ್ಟ್ರೀಯ ಸಮೀಕ್ಷಕರದು ಸರಿಯಾದ ಎಚ್ಚರ. ಆದರೆ ಅವರ ಎಚ್ಚರ ವಿಷದ ಹೆಸರಿನ ಮೇಲೆಯೇ ನಿಂತುಬಿಟ್ಟಿತು. ಭಟ್ ಮತ್ತು ಸಂಗಡಿಗರು 50 ಹಳ್ಳಿಗಳನ್ನು ನೋಡಿ 27ರಲ್ಲಿ ಕಾಯಿಲೆ ಕಂಡರು, ಕೆಟ್ಟ ಕಾಳು ತಿಂದ ಮನೆಗಳಲ್ಲಿ ಮಾತ್ರ ಕಂಡರು, ತಿನ್ನುವುದು ನಿಂತಾಗ ಕಾಯಿಲೆಯೂ ನಿಂತುದನ್ನು ಕಂಡರು, ಯಾರೂ ಸಾಯಲಿಲ್ಲವೆಂದು ದಾಖಲಿಸಿದರು. ಮುಂದಿನ ಸಾರಾಂಶಗಳಲ್ಲಿ 27 ಉಳಿದುಕೊಂಡು, ಕಾಯಿಲೆ ಕಾಣದ 23 ಬಿದ್ದುಹೋಗಿದೆ. ಕಾಯಿಲೆ ಬಿದ್ದವರು ಅತ್ಯಂತ ಬಡ ಸ್ತರದವರೆಂಬ ಮಾತು ಆ ಸಮೀಕ್ಷೆಗಳಲ್ಲಿ ಒಂದು ಉಪವಾಕ್ಯವಾಗಿ ಬರುತ್ತದೆ. ಅದೇ ಈ ಪ್ರಬಂಧದ ಮುಖ್ಯ ಶೋಧ. ಅದೇ ಊರಿನ, ಅದೇ ಮಳೆಯಲ್ಲಿ ನೆಂದ ಬೆಳೆಯಲ್ಲಿ ಯಾರ ರಾಶಿ ಯಾರ ಹಂಚಿಗೆ ಹೋಯಿತೆಂಬುದನ್ನು ಮನೆಮನೆಗೆ ಹೋಗಿ ಕೇಳದೆ ಹೇಳಲಾಗದು, ಅವರು ಹೋಗಿ ಕೇಳಿದರು. ಶೀರ್ಷಿಕೆಯಿಂದ ಫ್ಯುಮೋನಿಸಿನ್ ಹೆಸರನ್ನು ತೆಗೆದುಹಾಕಿದರೂ ಈ ಸಾಕ್ಷ್ಯಕ್ಕೆ ಕುಂದು ಬರುವುದಿಲ್ಲ; ಹೆಸರು ಇಲ್ಲದಿದ್ದರೆ ಪ್ರಬಂಧವನ್ನು ಇಷ್ಟು ಜನ ಉಲ್ಲೇಖಿಸುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನೊಂದು ಬಗೆಯ ವಿಮರ್ಶಕರೊಡನೆ ಜಗಳ ಹೆಚ್ಚು ಹಳೆಯದು. ಸಿರಿಧಾನ್ಯಗಳ ಪ್ರಶಂಸಕರಿಗೆ, ಅದರಲ್ಲಿಯೂ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ಬರೆಯತೊಡಗಿದವರಿಗೆ, ಜೋಳವೆಂದರೆ ದೋಷವೇ ಇಲ್ಲದ ಆಹಾರ. ಇಂಥ ಪ್ರಬಂಧಗಳು ಅವರ ಕಣ್ಣಿಗೆ ಪ್ರಯೋಗಾಲಯದವರ ಪೂರ್ವಗ್ರಹ. ಈ ಪ್ರಶಂಸಕರು ಮುಂಗಾರಿ ಜೋಳವನ್ನೂ ಹಿಂಗಾರಿ ಜೋಳವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಿಂಗಾರಿ ಬಿಳಿಜೋಳ ಒಣ ಹವೆಯಲ್ಲಿ ತೆನೆ ಬಲಿತು ಕಣಕ್ಕೆ ಬರುವುದರಿಂದ ಅದಕ್ಕೆ ಬೂಷ್ಟಿನ ಭಯ ಕಡಿಮೆ. 1964ರಲ್ಲಿ ಸಿಎಸ್‌ಎಚ್ 1 ತಳಿ ಬಂದಂದಿನಿಂದ ಹರಡಿದ ಬೇಗ ಮಾಗುವ ಹೈಬ್ರಿಡ್ ಜೋಳಗಳು ಮಳೆ ನಿಲ್ಲುವ ಮುನ್ನವೇ ತೆನೆ ಬಲಿಯುವುದರಿಂದ ಮುಂಗಾರಿ ಕಾಳಿಗೆ ಬೂಷ್ಟು ಹತ್ತುವುದು ಕೃಷಿವಿಜ್ಞಾನದಲ್ಲಿ ತಿಳಿದ ವಿಷಯವೇ. ದೋಷ ಧಾನ್ಯದ್ದಲ್ಲ, ತೆನೆ ಬಲಿಯುವ ಕಾಲದ್ದು. ಈ ಭೇದವನ್ನು ಮಾಡದ ಹೊಗಳಿಕೆಯಿಂದ ಜೋಳಕ್ಕೂ ಉಪಕಾರವಿಲ್ಲ. ಕೆಟ್ಟ ಕಾಳನ್ನು ರೊಟ್ಟಿ ಸುಡುವ ಕಾವು ಶುದ್ಧ ಮಾಡುತ್ತದೆಂಬ ನಂಬಿಕೆಯೂ ಹುಸಿ. ಮನೆಯ ಅಡುಗೆಯ ಶಾಖಕ್ಕೆ ಫ್ಯುಮೋನಿಸಿನ್ ಪೂರ್ತಿ ನಾಶವಾಗುವುದಿಲ್ಲ.

ಮನೆಮನೆಗೆ ಹೋಗಿ ಕೇಳುವ, ಮನೆಯನ್ನು ಘಟಕವಾಗಿ ಹಿಡಿಯುವ ಭಟ್ ಅವರ ಪದ್ಧತಿಗೆ ಒಂದು ಇಕ್ಕಟ್ಟೂ ಇದೆ. ಅದು ಕಾಣುವುದು ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದ ಮಲೆನಾಡಿನ ಕೌಟುಂಬಿಕ ಸಂಧಿವಾತದ ಅಧ್ಯಯನದಲ್ಲಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದ ನಡುವೆ ಗಮನಕ್ಕೆ ಬಂದ ಈ ಕಾಯಿಲೆ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲುಗಳನ್ನು ಸವೆಸಿ ನಡಿಗೆಯನ್ನೇ ಕಸಿಯುತ್ತಿತ್ತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಅದು ಬಂತೆಂಬ ವಾದ ಆಗ ಪ್ರಬಲವಾಗಿತ್ತು. ಒಂದು ಕುಟುಂಬ ರಕ್ತವನ್ನೂ ಹಂಚಿಕೊಳ್ಳುತ್ತದೆ, ಗಡಿಗೆಯನ್ನೂ ಹಂಚಿಕೊಳ್ಳುತ್ತದೆ. ಆದುದರಿಂದ ಕಾಯಿಲೆ ಕುಟುಂಬಗಳಲ್ಲಿ ಗುಂಪುಗಟ್ಟಿದೆ ಎಂದು ತೋರಿಸುವ ಸಮೀಕ್ಷೆ ಅವೆರಡನ್ನು ತಾನಾಗಿ ಬೇರ್ಪಡಿಸಲಾರದು. ಅದನ್ನು ಬಿಡಿಸಲು ವಂಶಾವಳಿ ಮತ್ತು ಎಕ್ಸ್‌ರೇ ಎರಡೂ ಬೇಕಾದುವು. ಲಖನೌದ ಸಂಜಯ ಗಾಂಧಿ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಇದು ಮೂಳೆಯ ತುದಿಗಳೂ ಬೆನ್ನುಮೂಳೆಯೂ ಸರಿಯಾಗಿ ಬೆಳೆಯದ, ಪ್ರಬಲ ಜೀನಿನಿಂದ ಬರುವ ದೋಷವೆಂದು ವರ್ಗೀಕರಿಸಿದರು. ಎಂದರೆ ತಾಯಿ ಅಥವಾ ತಂದೆ ಒಬ್ಬರಿಂದ ದೋಷದ ಒಂದು ಪ್ರತಿ ಬಂದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಕೀಲುಕಾಯಿಲೆಯೊಂದಿಗೆ ಇದನ್ನು ಹೋಲಿಸಿದ ಪ್ರಬಂಧವೂ 1997ರಲ್ಲಿಯೇ ಬಂತು. ಇಷ್ಟಾದ ಮೇಲೂ ಸಮುದಾಯದ ಒಳಮದುವೆಗಳನ್ನು ದೂರುವ ಲೇಖನಗಳು ನಿಂತಿಲ್ಲ. ಪ್ರಬಲ ಜೀನಿನ ಕಾಯಿಲೆಗೆ ಸಂಬಂಧದೊಳಗಿನ ಮದುವೆ ಬೇಕಾಗಿಯೇ ಇಲ್ಲವೆಂಬ ಪ್ರಾಥಮಿಕ ಸಂಗತಿಯನ್ನು ತಿಳಿಯದ ಈ ಬರಹಗಳು, ಬಡವರ ಕಾಯಿಲೆಗೆ ಅವರ ನಡತೆಯನ್ನೇ ಹೊಣೆ ಮಾಡುವ ಹಳೆಯ ಚಾಳಿಯನ್ನು ವಿಜ್ಞಾನದ ಮಾತಿನಲ್ಲಿ ಮುಂದುವರಿಸುತ್ತವೆ.

ಜೋಳದ ಪ್ರಬಂಧದಲ್ಲಿ ಈ ಇಕ್ಕಟ್ಟು ಇರಲಿಲ್ಲ, ಏಕೆಂದರೆ ತಿನ್ನುವುದನ್ನು ನಿಲ್ಲಿಸಿದರೆ ನಿಲ್ಲುವ ಕಾಯಿಲೆ ರಕ್ತದ್ದಲ್ಲ. ಅಲ್ಲಿ ಪದ್ಧತಿಯ ಬಲ ಪೂರ್ತಿ ಕಾಣುತ್ತದೆ, ಮತ್ತು ಅದನ್ನು ಮುಂದುವರಿಸದೆ ಬಿಟ್ಟ ನಷ್ಟವೂ; ಮುಂದುವರಿಸಬಹುದಾಗಿದ್ದ ಸೀಮೆ ನಮ್ಮಲ್ಲಿಯೇ ಇತ್ತು. ಮುನಿರಾಬಾದಿನಿಂದ ಹರಿಯುವ ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಸೀಮೆಯನ್ನಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿ ಉಳಿದುವು, ಅಲ್ಲಿನ ಕೊಳವೆಬಾವಿಗಳ ನೀರಿನ ಫ್ಲೋರೈಡ್ ಇನ್ನೊಂದು ಪೀಡೆ. ಫ್ಲೋರೈಡ್ ನೀರಿನ ಪ್ರದೇಶದಲ್ಲಿ ಮಕ್ಕಳ ಮಂಡಿಗಳು ಒಳಕ್ಕೆ ಬಾಗುವುದನ್ನು ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿಯೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. ಮಂಡಿ ಬಾಗುವ ಆ ಪ್ರದೇಶದ ಜೋಳದಲ್ಲಿನ ತಾಮ್ರ ಮತ್ತು ಮಾಲಿಬ್ಡಿನಂಗಳನ್ನು ರಾಷ್ಟ್ರೀಯ ಪೋಷಣ ಸಂಸ್ಥೆಯೇ ಬಳಿಕ ಅಳೆಯಿತು. ನೀರು, ಕಾಳು ಮತ್ತು ಕೂಲಿ ಮೂರನ್ನೂ ಒಂದೇ ಮನೆಯಲ್ಲಿ ಒಟ್ಟಿಗೆ ನೋಡುವ ಅಧ್ಯಯನಕ್ಕೆ ಕುಷ್ಟಗಿ, ಯಲಬುರ್ಗಾಕ್ಕಿಂತ ಸೂಕ್ತ ಸೀಮೆ ಸಿಗದು.

ಕಾನೂನಿನ ದಾರಿ ಮನೆಯ ಕಡೆ ಹೋಗುವುದಿಲ್ಲ. ಅಂತಾರಾಷ್ಟ್ರೀಯ ಆಹಾರ ಮಾನದಂಡಗಳ ಕೋಡೆಕ್ಸ್ ಆಯೋಗ 2014ರಲ್ಲಿ ಮೆಕ್ಕೆಜೋಳದ ಕಾಳಿಗೆ ಕಿಲೋಗೆ 4 ಮಿಲಿಗ್ರಾಂ ಫ್ಯುಮೋನಿಸಿನ್ ಮಿತಿ ಹಾಕಿದ್ದು ವ್ಯಾಪಾರದ ಕಾಳನ್ನು ಉದ್ದೇಶಿಸಿ; 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ರೈತನನ್ನೂ ಬೇಸಾಯದ ಕೆಲಸವನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮಾರುಕಟ್ಟೆಗೆ ಹೋಗಲಾರದಷ್ಟು ಕಪ್ಪಾದ ಜೋಳ ಎಪಿಎಂಸಿಯ ಅಂಗಳವನ್ನು ಮುಟ್ಟುವುದೇ ಇಲ್ಲ. ಅದು ರೈತನ ಮನೆಯಲ್ಲಿ ಉಳಿಯುತ್ತದೆ, ಇಲ್ಲವೆ ಕೂಲಿಯ ಕಾಳಾಗಿ ಬೇರೆ ಮನೆಗೆ ಹೋಗುತ್ತದೆ. ಯಾವ ತನಿಖಾಧಿಕಾರಿಯೂ ಮಾದರಿ ತೆಗೆಯದ ಆ ಕಾಳನ್ನು ಭಟ್ ಮತ್ತು ಸಂಗಡಿಗರು ಮನೆಯಿಂದಲೇ ತಂದು ಅಳೆದಿದ್ದರು.