ಚೀಲದೊಳಗಿನ ಫಿಲ್ಮು, ಯಂತ್ರದೊಳಗಿನ ಬಿಂಬ

‘ವ್ಯಕ್ತಿಗೆ ತಕ್ಕ ಚಿಕಿತ್ಸೆ’ ಎಂಬ ಮಾತು ವೈದ್ಯಕೀಯ ಬಿಂಬನವನ್ನು ಕುರಿತ ಉಪನ್ಯಾಸಗಳಲ್ಲಿ ಈಗ ಧಾರಾಳವಾಗಿ ಕೇಳಿಬರುತ್ತಿದೆ. ಯಂತ್ರ ಹೊಸದಾದಷ್ಟೂ ಚಿಕಿತ್ಸೆ ರೋಗಿಗೆ ಹೆಚ್ಚು ಒಗ್ಗುತ್ತದೆ ಎಂಬುದು ಆ ವಾದದ ತಿರುಳು. ನವಲಗುಂದದಿಂದಲೋ ಕಲಘಟಗಿಯಿಂದಲೋ ಹುಬ್ಬಳ್ಳಿಯ ಬಸ್ಸು ಹತ್ತುವ ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು ಎದುರಿಗಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸೋಣ.

ಚೀಲದಲ್ಲಿರುವುದು ಸಿ.ಟಿ. ಸ್ಕ್ಯಾನಿನ ಫಿಲ್ಮುಗಳು. ಆದರೆ ಯಂತ್ರ ಅಳೆದದ್ದು ಫಿಲ್ಮನ್ನಲ್ಲ, ಸಂಖ್ಯೆಗಳನ್ನು. ದೇಹದ ಪ್ರತಿಯೊಂದು ಪುಟ್ಟ ಭಾಗವೂ ಕ್ಷ-ಕಿರಣವನ್ನು ಎಷ್ಟು ತಡೆಯಿತು ಎಂಬುದನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಹೇಳುತ್ತಾರೆ: ನೀರಿಗೆ 0, ಗಾಳಿಗೆ -1000, ಗಟ್ಟಿ ಮೂಳೆಗೆ +1000 ಅಥವಾ ಅದಕ್ಕೂ ಹೆಚ್ಚು. ಸಾಮಾನ್ಯವಾಗಿ 12 ಬಿಟ್, ಅಂದರೆ 4096 ಹಂತಗಳು. ನಮ್ಮ ಕಣ್ಣು ಇಷ್ಟೊಂದು ಬೂದು ಛಾಯೆಗಳನ್ನು ಬಿಡಿಸಿ ನೋಡಲಾರದು. ಆದ್ದರಿಂದ ತಜ್ಞರು ಒಂದು ಕಿರಿದಾದ ‘ಕಿಟಕಿ’ಯನ್ನು ಆರಿಸಿ, ಅದರೊಳಗಿನ ಸಂಖ್ಯೆಗಳಿಗೆ ಮಾತ್ರ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಹಂಚುತ್ತಾರೆ. ಮೃದು ಅಂಗಾಂಶಕ್ಕೆ ಸುಮಾರು 400 ಮಾನಗಳ ಕಿಟಕಿ ಸಾಕು. ಅದರಲ್ಲಿ ಶ್ವಾಸಕೋಶ ಬರಿಯ ಕಪ್ಪಾಗಿ ಕಾಣುತ್ತದೆ. ಗಣಕದ ಪರದೆಯಲ್ಲಾದರೆ ಕಿಟಕಿಯನ್ನು ಬದಲಿಸಬಹುದು. ಫಿಲ್ಮಿನಲ್ಲಿ ಅದು ಅಚ್ಚಾಗಿ ಹೋಗಿರುತ್ತದೆ. ಆ ಫಿಲ್ಮನ್ನು ಕೊಳವೆ ದೀಪಕ್ಕೆ ಹಿಡಿದು ಮೊಬೈಲಿನಲ್ಲಿ ತೆಗೆದ ಚಿತ್ರದ ಮಾತಂತೂ ಬೇಡ!

ಇದರಿಂದ ಆಗುವ ನಷ್ಟವೇನು? ಶ್ವಾಸಕೋಶದಲ್ಲಿ 8 ಮಿ.ಮೀ. ವ್ಯಾಸದ ಗಂಟೊಂದಿದೆ ಎನ್ನಿ. ಕೆಲವು ತಿಂಗಳ ನಂತರ ಅದು 10 ಮಿ.ಮೀ. ಆದರೆ ವ್ಯಾಸ ಹೆಚ್ಚಿದ್ದು ಕಾಲು ಭಾಗ ಮಾತ್ರ. ಗಾತ್ರ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. (1.25ರ ಘನವನ್ನು ನೀವೇ ಲೆಕ್ಕ ಹಾಕಿ ನೋಡಿ.) ಹಳೆಯ ಬಿಂಬದ ಸಂಖ್ಯೆಗಳು ಕೈಗೆ ಸಿಗದಿದ್ದರೆ ಈ ಬೆಳವಣಿಗೆಯನ್ನು ನಂಬಿಕೆಯಿಂದ ಅಳೆಯುವುದು ಕಷ್ಟ. ಆ ವ್ಯಕ್ತಿಗೆ ಹೋಲಿಕೆಯ ಅಳತೆಗೋಲು ಅವನದೇ ಹಳೆಯ ಬಿಂಬ. ಅದಿಲ್ಲವೆಂದೇ ಎಷ್ಟೋ ಸಲ ಸ್ಕ್ಯಾನ್ ಮತ್ತೊಮ್ಮೆ ನಡೆಯುತ್ತದೆ. ಖರ್ಚು ಒಂದು ಕಡೆಯಿರಲಿ, ಹೊಟ್ಟೆಯ ಒಂದು ಸಿ.ಟಿ.ಯ ವಿಕಿರಣ ಸುಮಾರು 8 ಮಿಲಿಸೀವರ್ಟ್. ಎದೆಯ ಸಾದಾ ಕ್ಷ-ಕಿರಣ ಚಿತ್ರದ್ದು 0.1 ಅಥವಾ ಇನ್ನೂ ಕಡಿಮೆ.

ಇನ್ನೊಂದು ತಮಾಷೆ ನೋಡಿ. ಹೊಟ್ಟೆಯ ಸ್ಕ್ಯಾನಿನಲ್ಲಿ ಯಂತ್ರ ತೋರಿಸುವ ವಿಕಿರಣದ ಪ್ರಮಾಣ ರೋಗಿಯದಲ್ಲ, 32 ಸೆಂ.ಮೀ. ವ್ಯಾಸದ ಪ್ಲಾಸ್ಟಿಕ್ ಉರುಳೆಯೊಂದರದು. ಅದೇ ಅಂಕಿಗೆ ಕುಂದಗೋಳದ ಬಡಕಲು ಕೂಲಿಯಾಳಿನ ಒಡಲು ಹೀರುವುದು ಹೆಚ್ಚು. ದೇಹದ ಗಾತ್ರಕ್ಕೆ ತಕ್ಕಂತೆ ಇದನ್ನು ತಿದ್ದುವ ವಿಧಾನವನ್ನು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2011ರಲ್ಲೇ ಪ್ರಕಟಿಸಿದೆ. ವ್ಯಕ್ತಿಗೆ ತಕ್ಕ ಬಿಂಬನವೆಂದು ಭಾಷಣ ಮಾಡುವವರು ಇಲ್ಲಿಂದ ಆರಂಭಿಸಬಹುದಿತ್ತು.

ಹೊಸ ತಂತ್ರಜ್ಞಾನವನ್ನು ನಾನು ಹಳಿಯುತ್ತಿಲ್ಲ. ಎದೆಯ ಚಿತ್ರಗಳಲ್ಲಿ ಕ್ಷಯದ ಸುಳಿವು ಹಿಡಿಯುವ ತಂತ್ರಾಂಶವನ್ನು 15 ವರ್ಷ ಮೇಲ್ಪಟ್ಟವರಿಗೆ ಬಳಸಲು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ತಜ್ಞರು ವಿರಳವಾದ ತಾಲ್ಲೂಕುಗಳಿಗೆ ಅದು ಉಪಯುಕ್ತ. ಆದರೆ ಅದು ಗುಂಪಿನಲ್ಲಿ ಶಂಕಿತರನ್ನು ಸೋಸುವ ಜರಡಿ. ಒಬ್ಬನ ಚಿಕಿತ್ಸೆಯನ್ನು ನಿರ್ಧರಿಸುವ ಕೆಲಸ ಬೇರೆ.

ಬಿಂಬಗಳನ್ನು ಸಂಖ್ಯಾರೂಪದಲ್ಲೇ ಸಾಗಿಸಲು ‘ಡೈಕಾಮ್’ ಎಂಬ ಮಾನಕ 1993ರಿಂದಲೂ ಇದೆ. ಅಣ್ಣಿಗೇರಿಯ ವಿದ್ಯಾರ್ಥಿಯ ಮನೆಯಲ್ಲಿ ಯಾರಿಗಾದರೂ ಸ್ಕ್ಯಾನ್ ಆಗುವುದಿದ್ದರೆ, ಫಿಲ್ಮಿನ ಜೊತೆಗೆ ಡೈಕಾಮ್ ಕಡತಗಳಿರುವ ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಕೇಳಿ ಪಡೆಯುವಂತೆ ಶಿಕ್ಷಕರು ಹೇಳಬೇಕು. ಮುಂದಿನ ಆಸ್ಪತ್ರೆಗೆ ಹೋಗುವಾಗ ಅದೂ ಚೀಲದಲ್ಲಿರಲಿ.